ಅಬೊರಿಜಿನಲ್ ಸಮುದಾಯಗಳಲ್ಲಿ ಆತ್ಮಹತ್ಯೆ ತಡೆ: ಮುಂಚಿನ ಕೆಲಸವೋ, ಅನಂತರದ ಆಸರೆಯೋ?

ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ (ಅಬೊರಿಜಿನಲ್ ಜನರಲ್ಲಿ) ಆತ್ಮಹತ್ಯೆಯ ಪ್ರಮಾಣವು ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿದೆ. ಈ ಕ್ಷೇತ್ರಕ್ಕೆ ಬರಬಯಸುವ, ನಮ್ಮಂಥ ವಲಸಿಗ ಸಮಾಜಕಾರ್ಯಕರ್ತರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ತಡೆಯುವ ಕೆಲಸ. 2022ರಲ್ಲಿ ಆರಂಭವಾದ ‘13 ಯಾರ್ನ್’ ಸಹಾಯವಾಣಿಯಲ್ಲಿ ಹಗಲಿರುಳೂ ಕರೆ ಸ್ವೀಕರಿಸುವವರು ಮೂಲನಿವಾಸಿಗಳು ಹಾಗೂ ದೇಶದ ಉತ್ತರ ತುದಿಯಲ್ಲಿರುವ ಟೊರೆಸ್ ಜಲಸಂಧಿಯ ದ್ವೀಪವಾಸಿಗಳೇ. ನಮ್ಮಂಥ ವಲಸಿಗರಿಗೆ ಆ ಸ್ಥಾನ ಸಲ್ಲುವುದಿಲ್ಲ, ಸಲ್ಲಬೇಕಾಗಿಯೂ ಇಲ್ಲ. ಹೊರಗಿನವರು ಸಮುದಾಯವೇ ನಡೆಸುವ ಆರೋಗ್ಯ ಕೇಂದ್ರಗಳಲ್ಲಿ ಹಿರಿಯರ ಮಾರ್ಗದರ್ಶನದಡಿ ದುಡಿಯಬಹುದು. ಅಂಥ ಮೊದಲ ಕೇಂದ್ರ 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ತೆರೆಯಿತು.

ಎರಡನೆಯದು, ಸಾವು ಸಂಭವಿಸಿದ ಮೇಲೆ ಕುಟುಂಬಕ್ಕೆ ನೀಡುವ ಆಸರೆ. ‘ಥಿರಿಲಿ’ಯಂಥ ಮೂಲನಿವಾಸಿ ಸಂಸ್ಥೆಗಳು ಮಾಡುವ ಈ ಕೆಲಸದಲ್ಲಿ ಸಾಂತ್ವನದ ಜೊತೆಗೆ ಅಂತ್ಯಕ್ರಿಯೆಯ ಏರ್ಪಾಡು, ಸರ್ಕಾರಿ ಕಚೇರಿಗಳ ವ್ಯವಹಾರವೂ ಸೇರುತ್ತದೆ. ಅನೇಕ ಸಮುದಾಯಗಳಲ್ಲಿ ಮೃತರ ಹೆಸರನ್ನು ಉಚ್ಚರಿಸುವಂತಿಲ್ಲ, ಚಿತ್ರವನ್ನು ತೋರಿಸುವಂತಿಲ್ಲ; ‘ಸಾರಿ ಬಿಸಿನೆಸ್’ ಎಂದು ಕರೆಯುವ ಶೋಕಾಚರಣೆಯು ವಾರಗಟ್ಟಲೆ ನಡೆಯಬಹುದಾದ್ದರಿಂದ, ಭೇಟಿಯ ಸಮಯವನ್ನು ಕುಟುಂಬವೇ ನಿರ್ಧರಿಸಬೇಕೇ ಹೊರತು ಕಾರ್ಯಕರ್ತರಲ್ಲ. ಆಪ್ತರನ್ನು ಹೀಗೆ ಕಳೆದುಕೊಂಡವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚುವುದರಿಂದ ಇದೂ ತಡೆಯ ಕೆಲಸವೇ.

ನನ್ನ ಅಭಿಪ್ರಾಯದಲ್ಲಿ, ಹೊಸಬರು ಆರೋಗ್ಯ ಕೇಂದ್ರದಲ್ಲಿ ಆರಂಭಿಸುವುದು ಲೇಸು. ಎರಡನೆಯ ದಾರಿಯನ್ನು ಅಲ್ಲಿನ ಹಿರಿಯರು ಕರೆದಾಗ ಮಾತ್ರ ಹಿಡಿಯಬೇಕು.