ಬೋರ್ಡೋ ದ್ರಾವಣಕ್ಕೆ ಪಿಎಚ್ ಕಾಗದ: ಗುಣ, ದೋಷ ಮತ್ತು ನಂಬಿಕೆಯ ಪ್ರಶ್ನೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಗೊಬ್ಬರದ ಅಂಗಡಿಗಳಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಜೊತೆಗೇ ಸಿಗುವ, ಹುಳಿ-ಕ್ಷಾರದ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದದ ಪುಸ್ತಿಕೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಳಗೆ ಹರಿದು ಬಳಸುವ ಹಳದಿ ಪಟ್ಟಿಗಳು, ರಟ್ಟಿನ ಮೇಲೆ 1ರಿಂದ 14ರವರೆಗಿನ ಬಣ್ಣಗಳ ಸಾಲು, ಇಷ್ಟೇ ಅದರ ಸರಂಜಾಮು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಮುನ್ನ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಆ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಇದನ್ನು ಕೊಳ್ಳುತ್ತಾರೆ. ನಾನು ಇದರ ವಿಮರ್ಶೆಗೆ ತೊಡಗಿರುವುದಕ್ಕೆ ಇನ್ನೊಂದು ಕಾರಣವಿದೆ. ‘ನೀವು ವಿಜ್ಞಾನಿಯ ಮಾತು ನಂಬುತ್ತೀರಿ, ನಾವು ಭಟ್ಟರ ಮಾತು ನಂಬುತ್ತೇವೆ, ವಿಜ್ಞಾನವೂ ಒಂದು ಮತವೇ ತಾನೇ’ ಎಂಬ ವಾದ ನಮ್ಮಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ವಾದವನ್ನು ತೂಗಿ ನೋಡಲು ಈ ಕಾಗದಕ್ಕಿಂತ ಹತ್ತಿರದ ಸಾಧನ ನನಗೆ ಸಿಕ್ಕಿಲ್ಲ.

ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಬೇರೆ ಡ್ರಮ್ಮಿನ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಅಳತೆ ಸರಿಯಿದ್ದರೂ ದ್ರಾವಣದಲ್ಲಿ ಹುಳಿ ಉಳಿಯುತ್ತದೆ. ಅದನ್ನೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಆಕಾಶನೀಲಿ ದ್ರಾವಣಕ್ಕೆ ಪಟ್ಟಿಯನ್ನು ಅದ್ದಿ ತೆಗೆದಾಗ ಹಸಿರಿಗೆ ತಿರುಗಿದರೆ ಹದ ಬಂದಂತೆ, ಕೆಂಪು ಅಥವಾ ಕಿತ್ತಳೆಯ ಛಾಯೆ ಬಂದರೆ ಇನ್ನಷ್ಟು ಸುಣ್ಣ ಬೇಕು. ಕಾಗದ ಇಲ್ಲದವರು ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದು ತಿಳಿಯುತ್ತದೆ. ಕೃಷಿ ಕಾಲೇಜಿನ ಮೆಟ್ಟಿಲು ಹತ್ತದ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನೂ ಈ ಪರೀಕ್ಷೆ ಮಾಡಿ, ತೋಟದ ಯಜಮಾನನಿಗೆ ‘ಅಯ್ಯಾ, ಇದು ಆಗಲಿಲ್ಲ, ಇನ್ನೊಂದಿಷ್ಟು ಸುಣ್ಣ ಹಾಕಿ’ ಎಂದು ಹೇಳಬಹುದು, ಯಜಮಾನ ಅದನ್ನು ಒಪ್ಪಲೇಬೇಕು. ಹೇಳಿದವನು ಯಾರು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಿಜ್ಞಾನವನ್ನು ಮತ ಎನ್ನಲು ನನಗೆ ಮನಸ್ಸು ಬಾರದಿರುವುದು ಈ ಕಾರಣಕ್ಕೆ.

ಈ ಔಷಧಿಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರ ಸುಮಾರಿಗೆ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಮಿಶ್ರಣವನ್ನು, ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ನೋಡಿದರು. ಅದುವರೆಗೆ ಗೊನೆಗೆ ಮಳೆ ತಾಗದಂತೆ ಹೊದಿಕೆಯಾಗಿ ಕೊಟ್ಟೆ ಕಟ್ಟುವುದೇ ನಮ್ಮವರ ಉಪಾಯವಾಗಿತ್ತು, ಅದೂ ಅನುಭವದಿಂದ ಬಂದ ಒಳ್ಳೆಯ ಉಪಾಯವೇ. ಕೋಲ್ಮನ್ ರೋಗಕಾರಕವನ್ನು ಶಿಲೀಂಧ್ರವೆಂದು ಗುರುತಿಸಿದ್ದರು. ಇಂದು ಆ ರೋಗಕಾರಕ ಫೈಟಾಫ್ತೊರಾವನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ ಕಂದು ಪಾಚಿಗಳಿಗೆ ಹತ್ತಿರದ ಗುಂಪಿಗೆ ಸೇರಿಸಿದ್ದಾರೆ. ಮೂಲ ಪುರುಷನ ಮಾತು ತಿದ್ದಲ್ಪಟ್ಟಿತೆಂದು ಯಾವ ತೋಟದಲ್ಲೂ ಪಂಗಡ ಒಡೆಯಲಿಲ್ಲ, ಕೋಲ್ಮನ್ ಅವರ ಮೇಲಿನ ಗೌರವವೂ ತಗ್ಗಲಿಲ್ಲ.

ಆದರೂ ಆ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಎಲೆಚುಕ್ಕೆ ರೋಗ ಹಬ್ಬಿದ ಮೇಲೆ, ಯಾವ ಬಾಟಲಿಯಲ್ಲಿ ಏನಿದೆ ಎಂದು ಕೇಳದೆ, ಪಕ್ಕದವರು ಹೊಡೆದರೆಂದು ನಾವೂ ಹೊಡೆಯುವ ರೂಢಿ ಬೆಳೆದಿದೆ. ಹೊಡೆಯದ ನಾಲ್ಕು ಮರಗಳನ್ನು ಗುರುತು ಹಾಕಿ ಬಿಟ್ಟು ಹೋಲಿಸಿ ನೋಡುವ ತಾಳ್ಮೆ ನಮಗಿಲ್ಲ. ಅಲ್ಲಿ ವಿಜ್ಞಾನದ ಹೆಸರಿನಲ್ಲಿ ನಡೆಯುವುದು ಹರಕೆಯೇ, ಅದೂ ದೇವರಿಲ್ಲದ ಹರಕೆ. ಇದಕ್ಕೆ ಹೋಲಿಸಿದರೆ, ಮಳೆಗಾಲಕ್ಕೆ ಮುಂಚೆ ತೋಟದ ಚೌಡಿಗೆ ಕಾಯಿ ಒಡೆದು ಬಂದು ಶ್ರದ್ಧೆಯಿಂದ ಕಾಗದ ಅದ್ದಿ ನೋಡುವ ಹಿರಿಯರ ನಡೆ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಚೌಡಿಯ ಬಳಿ ಅವರು ಕೇಳುವುದು ಅಭಯ, ಕಾಗದದ ಬಳಿ ಕೇಳುವುದು ಹುಳಿಯ ಲೆಕ್ಕ, ಎರಡನ್ನೂ ಅವರು ಕಲಸಿಕೊಳ್ಳುವುದಿಲ್ಲ.

ಇನ್ನು ದೋಷಗಳು. ದ್ರಾವಣದ ನೀಲಿ ಪಟ್ಟಿಗೆ ಅಂಟುವುದರಿಂದ 6 ಮತ್ತು 8ರ ನಡುವಿನ ಬಣ್ಣ ಹೇಳುವುದು ಕಷ್ಟ, ಮೋಡ ಕವಿದ ಬೆಳಕಿನಲ್ಲಿ ಇನ್ನೂ ಕಷ್ಟ. ಮಲೆನಾಡಿನ ಥಂಡಿಗೆ ಪುಸ್ತಿಕೆ ಬೇಗ ಕೆಡುತ್ತದೆ, ಬೆವರಿದ ಕೈಯಲ್ಲಿ ಮುಟ್ಟಿದರೂ ಬಣ್ಣ ಬದಲಾಗುತ್ತದೆ. ಸಿಗುವುದಾದರೆ 6ರಿಂದ 8ರ ಆಸುಪಾಸನ್ನಷ್ಟೇ ಬಿಡಿಸಿ ತೋರಿಸುವ ಕಾಗದವನ್ನು ಕೇಳಿ ಕೊಳ್ಳಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಅನುಮಾನ ಬಂದಾಗ ಕತ್ತಿಯನ್ನೂ ಅದ್ದಿ ನೋಡಿ. ಬೆಲೆ ಅಲ್ಪವಾದ್ದರಿಂದ ಪ್ರತಿ ಮಳೆಗಾಲಕ್ಕೆ ಹೊಸದನ್ನು ತರುವುದೇ ಲೇಸು.