ಕೈಮೂಳೆ ಮಾಡೆಲ್: ಮಣಿಕಟ್ಟಿಗೆ ಪೂರ್ತಿ ಅಂಕ, ಹೆಬ್ಬೆರಳಿಗೆ ಸೊನ್ನೆ

ನಾನು ಫಿಸಿಯೋಥೆರಪಿಸ್ಟ್. ಕ್ಲಿನಿಕ್‌ನಲ್ಲಿ ಪೇಶೆಂಟ್‌ಗಳಿಗೆ ತೋರಿಸಲು ಈ ಪ್ಲಾಸ್ಟಿಕ್ ಬಲಗೈಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ 1,150 ರೂಪಾಯಿ. ದೊಡ್ಡವರ ಕೈಯಷ್ಟೇ ಅಳತೆ, 27 ಮೂಳೆಗಳೂ ಇವೆ.

ಮಣಿಕಟ್ಟು ನೋಡಿ ಖುಷಿಯಾಯಿತು. ಅಗ್ಗದ ಮಾಡೆಲ್‌ಗಳಲ್ಲಿ ಅಲ್ಲಿನ 8 ಪುಟ್ಟ ಮೂಳೆಗಳನ್ನು ಒಂದೇ ಮುದ್ದೆಯಾಗಿ ಅಚ್ಚು ಹಾಕಿರುತ್ತಾರೆ. ಇದರಲ್ಲಿ ಒಂದೊಂದೂ ಬೇರೆ. ಹೆಬ್ಬೆರಳ ಬದಿಯ ಸ್ಕೇಫಾಯ್ಡ್ ಮೂಳೆಯ ಸಣ್ಣ ನಡುವೂ ಕಾಣುತ್ತದೆ. ಬೈಕಿನಿಂದ ಬಿದ್ದು ಅಂಗೈ ಊರಿದವರಿಗೆ ಈ ಪುಟ್ಟ ಮೂಳೆಗಳ ಪೈಕಿ ಹೆಚ್ಚಾಗಿ ಬಿರುಕು ಬಿಡುವುದು ಅಲ್ಲೇ. ಆ ಮೂಳೆಗೆ ರಕ್ತ ಮುಖ್ಯವಾಗಿ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ನಡು ಮುರಿದರೆ ಮೊಳಕೈ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಸಾಯಲೂಬಹುದು. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರುವುದೂ ಉಂಟು. "ಬರೀ ಉಳುಕು ಮೇಡಂ, ಎಣ್ಣೆ ಹಾಕಿ ನೀವಿಸಿಕೊಂಡೆ" ಎನ್ನುವವರಿಗೆ ಇದನ್ನು ತೋರಿಸಿದರೆ ಎರಡನೇ ಎಕ್ಸ್‌ರೇಗೆ ತಕರಾರಿಲ್ಲದೆ ಹೋಗುತ್ತಾರೆ.

ಕಿರುಬೆರಳ ಬದಿಯ ಹ್ಯಾಮೇಟ್ ಮೂಳೆಯ ಕೊಕ್ಕೆ ಕೂಡ ಸರಿಯಾಗಿ ಚಾಚಿದೆ. ಅಲ್ಲಿಂದ ಆಚೆ ಬದಿಯ, ಹೆಬ್ಬೆರಳ ಬುಡದ ಟ್ರಪೀಜಿಯಂ ಮೂಳೆಗೆ ಒಂದು ಪ್ಲಾಸ್ಟರ್ ಪಟ್ಟಿ ಅಂಟಿಸಿ, ಅದರಡಿ ಮೀಡಿಯನ್ ನರ ಅಂತ ಹಳದಿ ನೂಲು ತೂರಿಸಿದ್ದೇನೆ. ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ಈ ನರ ಹಾಯುವ ಇಕ್ಕಟ್ಟಿನ ದಾರಿ, ವಿವರಿಸಲು ಅಷ್ಟು ಸಾಕು.

ಎಡವಟ್ಟು ಇರುವುದು ಅಂಗೈಯಲ್ಲಿ. 5 ಮೆಟಾಕಾರ್ಪಲ್‌ಗಳನ್ನೂ (ಅಂಗೈಯ ಉದ್ದ ಮೂಳೆಗಳು) ಗಟ್ಟಿ ತಂತಿಯಿಂದ ಬಿಗಿದಿದ್ದಾರೆ. ತೋರುಬೆರಳು, ನಡುಬೆರಳಿನದು ಹಾಗಿದ್ದರೆ ಪರವಾಗಿಲ್ಲ, ನಮ್ಮ ಕೈಯಲ್ಲೂ ಅವು ಹೆಚ್ಚುಕಮ್ಮಿ ಅಲುಗುವುದಿಲ್ಲ. ಆದರೆ ಉಂಗುರಬೆರಳು, ಕಿರುಬೆರಳಿನದು ಮುಂದಕ್ಕೆ ಬಾಗಬೇಕು. ಮುಷ್ಟಿ ಬಿಗಿಯಾಗಿ ಹಿಡಿದು ಕಿರುಬೆರಳಿನ ಗೆಣ್ಣು ನೋಡಿಕೊಳ್ಳಿ, ಗೊತ್ತಾಗುತ್ತದೆ. ಇನ್ನು ಹೆಬ್ಬೆರಳು! ಅದರ ಮೆಟಾಕಾರ್ಪಲ್ ಟ್ರಪೀಜಿಯಂ ಮೇಲೆ ಜೀನಿನ ಮೇಲಿನ ಸವಾರನಂತೆ ಕೂತು ಹಿಂದೆ ಮುಂದೆ, ಅಕ್ಕಪಕ್ಕ ವಾಲಬೇಕು. ಇಲ್ಲಿ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಬಟ್ಟೆ ಹಿಂಡುವಾಗ, ಡಬ್ಬಿ ಮುಚ್ಚಳ ತಿರುವುವಾಗ ನೋವು ಅಂತ ಬರುವ ಎಷ್ಟೋ ಹೆಂಗಸರಿಗೆ ತೊಂದರೆ ಆ ಕೀಲಿನಲ್ಲೇ ಅಲ್ವಾ? ಅವರಿಗೆ ಏನು ತೋರಿಸಲಿ?

ಮೊದಲ ವರ್ಷದ ಬಿಪಿಟಿ (ಫಿಸಿಯೋಥೆರಪಿ ಪದವಿ), ಎಂಬಿಬಿಎಸ್ ಹುಡುಗರಿಗೆ ಮೂಳೆಗಳ ಹೆಸರು ಕಲಿಯಲು ಧಾರಾಳವಾಗಿ ಕೊಳ್ಳಬಹುದು. ಕ್ಲಿನಿಕ್‌ಗೆ ಬೇಕಾದರೆ ಇಲಾಸ್ಟಿಕ್ ದಾರದಲ್ಲಿ ಪೋಣಿಸಿದ್ದನ್ನೇ ಕೇಳಿ, ಬೆಲೆ ಜಾಸ್ತಿಯಾದರೂ ಸರಿ. ನನ್ನಿಂದ 3 ಸ್ಟಾರ್.

ಬದಲಿಸಿಕೊಡಿ ಅಂತ ಫೋನ್ ಮಾಡಿದೆ. "ತಂತಿ ಮುಟ್ಟಿದ್ದರೆ ವಾಪಸ್ ತಗೊಳ್ಳಲ್ಲ" ಅಂದರು. ಹೆಬ್ಬೆರಳಿನ ತಂತಿಯನ್ನು ನಾನಾಗಲೇ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿಯಾಗಿತ್ತು.