ಹೊಗಳುವ ಪ್ರತಿಕ್ರಿಯೆಗೆ ಒಪ್ಪಿಗೆ ಕೊಡುವ ಮುನ್ನ

ಸ್ವಂತ ಬ್ಲಾಗ್ ನಡೆಸುವವರು ತಮ್ಮ ಹಳೆಯ ಬರಹಗಳ ಕೆಳಗೆ ಏನೇನು ಸೇರಿಕೊಂಡಿದೆ ಎಂದು ಒಮ್ಮೆ ತೆರೆದು ನೋಡಬೇಕೆಂದು ಕೋರಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬರಹವೊಂದಕ್ಕೆ ಅಪರಿಚಿತರೊಬ್ಬರು, ಮಾಹಿತಿ ಬಹಳ ಉಪಯುಕ್ತವಾಗಿದೆ, ಹೀಗೆಯೇ ಬರೆಯುತ್ತಿರಿ ಎಂದು ಪ್ರತಿಕ್ರಿಯಿಸಿದ್ದರು. ಅದರಲ್ಲಿ ಕೊಂಡಿ (ಲಿಂಕ್) ಇರಲಿಲ್ಲ, ಒರಟು ಮಾತೂ ಇರಲಿಲ್ಲ. ತಡೆಹಿಡಿಯಲು ಕಾರಣ ಕಾಣದೆ ಪ್ರಕಟಿಸಿದೆ. ಎಷ್ಟೋ ದಿನಗಳ ಮೇಲೆ ಓದುಗರೊಬ್ಬರು, ನಿಮ್ಮ ಲೇಖನದ ಕೆಳಗೆ ಜೂಜಿನ ಜಾಹೀರಾತು ಏಕಿದೆ ಎಂದು ಇಮೇಲ್‌ನಲ್ಲಿ ಕೇಳಿದರು. ಹುಡುಕಿ ನೋಡಿದರೆ, ಅದೇ ಹೆಸರಿನವರು ಈಗ ಹೆಚ್ಚು ಮಂದಿ ಓದದ ಹಳೆಯ ಬರಹಗಳನ್ನೇ ಆರಿಸಿಕೊಂಡು, ಪ್ರತಿಯೊಂದರ ಕೆಳಗೂ ಒಂದೊಂದು ಕೊಂಡಿ ಅಂಟಿಸಿ ಹೋಗಿದ್ದರು.

ಒಂದೊಂದೇ ಕೊಂಡಿ ಎಂಬುದು ಆಕಸ್ಮಿಕವಲ್ಲ. ಬ್ಲಾಗ್ ನಡೆಸಲು ಬಳಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಾವು ಬದಲಾಯಿಸದ ಹೊರತು, 2 ಅಥವಾ ಅದಕ್ಕಿಂತ ಹೆಚ್ಚು ಕೊಂಡಿಗಳಿರುವ ಪ್ರತಿಕ್ರಿಯೆ ಪರಿಶೀಲನೆಗೆ ನಿಲ್ಲುತ್ತದೆ. ಹಿಂದೆ ಒಮ್ಮೆ ಒಪ್ಪಿಗೆ ಪಡೆದವರು ಒಂದೇ ಕೊಂಡಿ ಹಾಕಿದರೆ ಅದು ನೇರವಾಗಿ ಪ್ರಕಟವಾಗುತ್ತದೆ. ಹಿಂದಿನವರೇ ಇವರು ಎಂದು ವ್ಯವಸ್ಥೆ ಗುರುತಿಸುವುದು ಹೆಸರು ಮತ್ತು ಇಮೇಲ್ ವಿಳಾಸದಿಂದ. ಲಾಗಿನ್ ಆಗದೆ ಬರೆಯುವವರ ವಿಳಾಸ ನಿಜಕ್ಕೂ ಅವರದೇ ಎಂಬುದನ್ನು ಅದು ಪರೀಕ್ಷಿಸುವುದಿಲ್ಲವಾದ್ದರಿಂದ, ನಿಮ್ಮ ನಿತ್ಯದ ಓದುಗರ ವಿಳಾಸ ಬಲ್ಲ ಯಾರಾದರೂ ಅವರ ಹೆಸರಿನಲ್ಲೇ ಬರೆದುಬಿಡಬಹುದು. ನನಗಂತೂ ಜಾಹೀರಾತಿಗಿಂತ ಇದೇ ಹೆಚ್ಚು ಆತಂಕದ ಸಂಗತಿ.

ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳಿಂದ ಆ ತಾಣಗಳಿಗೆ ಹುಡುಕಾಟದ ಫಲಿತಾಂಶಗಳಲ್ಲಿ ಮೇಲಿನ ಸ್ಥಾನ ಸಿಗಬಾರದೆಂದು 2005ರಲ್ಲೇ ಗೂಗಲ್, ಕೊಂಡಿಗೆ ಹಾಕುವ ‘ನೋಫಾಲೋ’ ಎಂಬ ಗುರುತನ್ನು ಜಾರಿಗೆ ತಂದಿತು. ಆದರೂ ಈ ಹಾವಳಿ ನಿಂತಿಲ್ಲ, ಏಕೆಂದರೆ ಇಂಥವನ್ನು ಬಹುಪಾಲು ಅಂಟಿಸುವುದು ತಂತ್ರಾಂಶ. ಅದಕ್ಕೆ ದಣಿವೂ ಇಲ್ಲ, ಖರ್ಚೂ ಅಷ್ಟಾಗಿ ಇಲ್ಲ.

ಆದ್ದರಿಂದ ಯಾವ ಬರಹಕ್ಕಾದರೂ ಹೊಂದುವಂಥ ಹೊಗಳಿಕೆ ಬಂದಾಗ, ಬರೆದವರ ಹೆಸರಿಗೆ ಜೋಡಿಸಿರುವ ಜಾಲತಾಣದ ವಿಳಾಸ ಎಲ್ಲಿಯದೆಂದು ಮೊದಲು ನೋಡಿ. ಪ್ರತಿಯೊಂದು ಪ್ರತಿಕ್ರಿಯೆಯೂ ನಿಮ್ಮ ಒಪ್ಪಿಗೆಗೆ ಕಾಯುವಂತೆ ಹೊಂದಿಸಿಕೊಳ್ಳಿ. ಹಳೆಯ ಬರಹಗಳಿಗೆ ಪ್ರತಿಕ್ರಿಯೆ ತಾನಾಗಿ ಮುಚ್ಚಿಕೊಳ್ಳುವ ಸೌಲಭ್ಯವೂ ಅಲ್ಲೇ ಇದೆ. ಕೊಂಡಿಗಳನ್ನಷ್ಟೇ ಅಳಿಸಿದರೆ ಸಾಲದು: ಎಲ್ಲವೂ ಒಪ್ಪಿಗೆಗೆ ಕಾಯುವಂತೆ ಹೊಂದಿಸದಿದ್ದರೆ, ನೀವು ಒಪ್ಪಿಗೆ ಕೊಟ್ಟ ಆ ವ್ಯಕ್ತಿಯ ಒಂದು ಪ್ರತಿಕ್ರಿಯೆ ಉಳಿದರೂ ಅವರಿಗೆ ದಾರಿ ತೆರೆದೇ ಇರುತ್ತದೆ. ತೆಗೆಯುವಾಗಲೂ ಸುಮ್ಮನೆ ಅಳಿಸದೆ ‘ಸ್ಪ್ಯಾಮ್’ ಎಂದೇ ಗುರುತು ಹಾಕಿ. ಅಕಿಸ್ಮೆಟ್‌ನಂಥ ಸ್ಪ್ಯಾಮ್ ಶೋಧಕಗಳು ಇಂಥವನ್ನು ಪತ್ತೆಹಚ್ಚಲು ಕಲಿಯುವುದು ಆ ಗುರುತಿನಿಂದಲೇ.